ನಾವೂ ಯಾರದೋ ಅನ್ನ ಉಂಡವರೇ

ಶಾಲೆ ಶುರುವಾಗುವ ಹೊತ್ತಿಗೆ ನನಗೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. ಮೈಸೂರಿನ ಬಡಾವಣೆಗಳಿಂದ, ಬೆಂಗಳೂರಿನಿಂದ, ಒಮ್ಮೊಮ್ಮೆ ಅಮೆರಿಕದಿಂದಲೂ ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ: 'ಮೇಷ್ಟ್ರೇ, ನಮ್ ಮಕ್ಕಳಿಗೆ ಕಷ್ಟ ಅಂದ್ರೇನು ಅಂತಾನೇ ಗೊತ್ತಿಲ್ಲ. ಬಡತನ ಅನ್ನೋದನ್ನ ಹೇಗೆ ತಿಳಿಸೋದು? ಊರಿಗೆ ಬಂದಾಗ ಒಂದು ಅನಾಥಾಶ್ರಮಕ್ಕೆ ಕರ್ಕೊಂಡು ಹೋಗ್ಲಾ? ಬರ್ತ್‌ಡೇನ ಸರ್ಕಾರಿ ಶಾಲೇಲಿ ಮಾಡಿಸ್ಲಾ?' ಕೇಳುವವರ ಮನಸ್ಸು ಒಳ್ಳೆಯದೇ. ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯ ಸುತ್ತಮುತ್ತ ಮೇಷ್ಟರಾಗಿ ಕೂದಲು ಬೆಳ್ಳಗಾದ ನಾನು ಅವರಿಗೆ ಉತ್ತರ ಕೊಡುವ ಮೊದಲು ಒಂದು ಮಾತು ಕೇಳುತ್ತೇನೆ: 'ನಿಮ್ಮ ಮನೆಯಲ್ಲಿ ಬೇರೆಯವರ ಅನ್ನ ಉಂಡು ಓದಿದವರು ಯಾರಪ್ಪಾ? ಅದನ್ನ ಮಗುವಿಗೆ ಹೇಳಿದ್ದೀಯಾ?'

ಇಲ್ಲ ಎನ್ನುವವರೇ ಹೆಚ್ಚು. ನಾವು ಕೊಟ್ಟದ್ದನ್ನು ಮಕ್ಕಳ ಮುಂದೆ ಹೇಳಿಕೊಳ್ಳುತ್ತೇವೆ, ತೆಗೆದುಕೊಂಡದ್ದನ್ನು ಮಾತ್ರ ಗಂಟು ಕಟ್ಟಿ ಅಟ್ಟಕ್ಕೆ ಹಾಕುತ್ತೇವೆ. ಆದರೆ ಈ ಮೈಸೂರು ಸೀಮೆಯಲ್ಲಿ ಎರಡು ತಲೆಮಾರು ಹಿಂದಕ್ಕೆ ಹೋದರೆ ಯಾರದೋ ಊಟದಲ್ಲಿ, ಯಾರದೋ ಸೂರಿನಡಿ ಓದಿದವರು ಸಿಗದ ಮನೆ ಅಪರೂಪ. ವಾರಾನ್ನ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಓದಿದ ಹುಡುಗರು ಮುಂದೆ ಅಮಲ್ದಾರರೂ ಪ್ರೊಫೆಸರರೂ ಆದರು. ಆದರೆ ಆ ಏಳು ಮನೆಯ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ. ಆಗ ಬೇರೆ ಬಾಗಿಲು ತೆರೆದವರಿದ್ದರು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ಅನಾಥಾಲಯ ಕಟ್ಟಿದರು. ತಲಕಾಡು ರಂಗೇಗೌಡರು, ಗೋಪಾಲಸ್ವಾಮಿ ಅಯ್ಯರ್ ಅವರಂಥವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದಲಿತ ಮಕ್ಕಳ ಓದಿಗಾಗಿ ದುಡಿದರು. ನಮ್ಮ ತಾಲ್ಲೂಕಿನದೇ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ನಡೆಸಿದರು. ಅವರಿಂದಲೇ 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಹುಟ್ಟಿತು. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗಗಳ ಹಾಸ್ಟೆಲುಗಳನ್ನು ಹೆಚ್ಚಿಸಿದಾಗ ಹಳ್ಳಿಯ ಎಷ್ಟೋ ಹುಡುಗರು ಟ್ರಂಕು ಹೊತ್ತುಕೊಂಡು ಪಟ್ಟಣದ ಬಸ್ಸು ಹತ್ತಿದರು.

ಹಾಗೆ ಹತ್ತಿದವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು; ಮೈಸೂರಿನಲ್ಲಿ ಮನೆ, ಮನೆ ಮುಂದೆ ಕಾರು. ಹಾಸ್ಟೆಲಿನ ವಿಷಯ ಮೊಮ್ಮಕ್ಕಳಿಗೆ ಹೇಳಿದವರೇ ಅಲ್ಲ. ಒಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ, ಮೊಮ್ಮಗ ತಟ್ಟೆಯಲ್ಲಿ ಅನ್ನ ಬಿಟ್ಟು ಏಳಲು ಹೋದ. ಅವನ ತಾಯಿ, 'ಬಡವರ ಮಕ್ಕಳಿಗೆ ಇಷ್ಟೂ ಸಿಗಲ್ಲ, ಗೊತ್ತಾ?' ಎಂದು ಗದರಿದಳು. ಎಲ್ಲ ಮನೆಯಲ್ಲೂ ಆಡುವ ಮಾತೇ. ಚಿಕ್ಕಪ್ಪ ಮಜ್ಜಿಗೆ ಲೋಟ ಕೆಳಗಿಟ್ಟು, 'ಯಾರ್ದೋ ಮಕ್ಕಳು ಯಾಕವ್ವಾ, ನಾನೇ ಇದ್ದೀನಲ್ಲ' ಎಂದರು. ಹುಡುಗ ಕಣ್ಣರಳಿಸಿ, 'ತಾತ, ನೀವು ಬಡವ್ರಾಗಿದ್ರಾ?' ಎಂದ. 'ಇದ್ದೆ ಕನಪ್ಪ. ತಟ್ಟೆ ಹಿಡ್ಕಂಡು ಸಾಲಲ್ಲಿ ನಿಂತ್ಕತಿದ್ದೆ. ಮೊದಲ್ನೇ ದಿನ ಕೈ ನಡುಗ್ತು. ಆದ್ರೆ ಬಡಿಸೋ ಭಟ್ಟ ನಮ್ಮ ಮೊಕ ನೋಡ್ತಿರ್ಲಿಲ್ಲ, ತಟ್ಟೆ ಮಾತ್ರ ನೋಡ್ತಿದ್ದ. ಖಾಲಿಯಾದ್ರೆ ಇನ್ನೊಂದು ಮುದ್ದೆ ಹಾಕವ್ನು. ಅದಕ್ಕೇ ಉಣ್ಣಕಾಯ್ತು.' ಹುಡುಗ ಅವತ್ತು ಅನ್ನ ಮುಗಿಸಿದನೋ ಇಲ್ಲವೋ ನಾನು ನೋಡಲಿಲ್ಲ. ಆದರೆ ಹಾಸ್ಟೆಲಲ್ಲಿ ಸಾರು ಹೇಗಿತ್ತು, ಒಂದು ರೂಮಿಗೆ ಎಷ್ಟು ಜನ, ಪರೀಕ್ಷೆ ಹೊತ್ತಿಗೆ ಕರೆಂಟ್ ಹೋದರೆ ಏನು ಮಾಡುತ್ತಿದ್ದಿರಿ ಎಂದು ಮಲಗುವವರೆಗೂ ತಾತನನ್ನು ಬಿಡಲಿಲ್ಲ.

ಅವನ ತಾಯಿಯ ಮಾತಿನಲ್ಲಿದ್ದ ಬಡವರು ಎಲ್ಲೋ ದೂರದವರು, ಹೆಸರಿಲ್ಲದವರು, ನಮಗಿಂತ ಬೇರೆಯೇ ಬಗೆಯ ಜೀವಗಳು. ತಾತನ ಮಾತಿನಲ್ಲಿದ್ದ ಬಡವ ಚೇಷ್ಟೆ ಮಾಡುತ್ತಿದ್ದ, ಲೆಕ್ಕದಲ್ಲಿ ಜಾಣನಾಗಿದ್ದ, ಮುದ್ದೆಗೆ ಇನ್ನಷ್ಟು ಸಾರು ಕೇಳುತ್ತಿದ್ದ ಹುಡುಗ. ಎರಡನೆಯದನ್ನು ಕೇಳಿ ಬೆಳೆದ ಮಗು ಕೈಚಾಚಿದವರನ್ನು ಕಂಡು ಮೂಗು ಮುರಿಯುವುದಿಲ್ಲ, 'ಅಯ್ಯೋ ಪಾಪ' ಎಂದು ಮರುಗುವುದೂ ಇಲ್ಲ. ನಮ್ಮ ತಾತನಿಗೂ ಯಾರೋ ಬಡಿಸಿದ್ದರು, ಈಗ ಬಡಿಸುವ ಸರದಿ ನಮ್ಮದು ಎನ್ನುವುದಷ್ಟೇ ಅದಕ್ಕೆ ಅರ್ಥವಾಗುತ್ತದೆ. ಬಡತನದ ಪಾಠವನ್ನು ಅನಾಥಾಶ್ರಮದ ಗೇಟಿನಿಂದಲ್ಲ, ನಮ್ಮ ಮನೆಯ ಊಟದ ತಟ್ಟೆಯಿಂದ ಶುರುಮಾಡಿ ಎಂದು ನಾನು ಹಠ ಹಿಡಿಯುವುದು ಇದಕ್ಕೇ.

ಹೀಗೆ ಶುರುಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಪ್ರತಿ ಜೂನ್‌ನಲ್ಲೂ ನೋಡಬಹುದು. ನಮ್ಮ ಕಡೆಯ ಒಂದು ಶಾಲೆಗೆ ನೋಟ್‌ಬುಕ್ ಹಂಚಲು ಒಂದು ತಂಡ ಬಂದಿತ್ತು. ಅಂಗಳದಲ್ಲಿ ಶಾಮಿಯಾನ, ಹಿಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ದಾನಿಗಳ ಭಾವಚಿತ್ರಗಳು, ಕೆಳಗೆ 'ಬಡ ಮಕ್ಕಳಿಗೆ ಉಚಿತ ನೋಟ್‌ಬುಕ್ ವಿತರಣಾ ಸಮಾರಂಭ'. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದರು. ದಾನಿಯ ಮಗಳೇ, ಎಂಟೊಂಬತ್ತರ ಹುಡುಗಿ, ಪುಸ್ತಕ ಕೊಡಬೇಕು. ತೆಗೆದುಕೊಂಡ ಮಗು ಕ್ಯಾಮೆರಾ ಕಡೆ ತಿರುಗಬೇಕು. ಏಳನೇ ತರಗತಿಯ ಒಬ್ಬ ಹುಡುಗಿ ಪುಸ್ತಕ ಹಿಡಿದು ತಲೆ ತಗ್ಗಿಸಿದಳು. 'ಸ್ವಲ್ಪ ನಗಮ್ಮ' ಎಂದ ಫೋಟೋದವನು. ಅವಳು ನಗಲಿಲ್ಲ. ಇಳಿದು ಬಂದು ಪುಸ್ತಕವನ್ನು ಗೆಳತಿಯ ಚೀಲಕ್ಕೆ ತುರುಕಿದಳು. ಕೊಟ್ಟ ಹುಡುಗಿಗೂ ಅವಳಿಗೂ ನಡುವೆ ಮೂರ್ನಾಲ್ಕು ವರ್ಷದ ಅಂತರ. ಆ ದಿನ ಇಬ್ಬರೂ ಏನೋ ಕಲಿತರು. ಚಿಕ್ಕವಳು ಕಲಿತದ್ದು, ನಾನು ಮೇಲೆ ನಿಲ್ಲುವವಳು ಎಂದು. ದೊಡ್ಡವಳು ಕಲಿತದ್ದೇನು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಶಾಲೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಗಂಟೆ ಬಾರಿಸಿದರೆ ಬೇರೆಯದೇ ನೋಟ. ಅಕ್ಷರ ದಾಸೋಹದ ಬಿಸಿಯೂಟಕ್ಕೆ ಎಲ್ಲರೂ ತಟ್ಟೆ ತೊಳೆದುಕೊಂಡು ಸಾಲಿಗೆ ಬರುತ್ತಾರೆ. ಯಾರ ಅಪ್ಪನಿಗೆ ನಾಲೆ ಕೆಳಗೆ ಎರಡು ಎಕರೆ ಗದ್ದೆಯಿದೆ, ಯಾರ ಅವ್ವ ಅದೇ ಗದ್ದೆಗೆ ಕಳೆ ಕೀಳಲು ಹೋಗುತ್ತಾಳೆ ಎಂದು ತಟ್ಟೆ ನೋಡಿ ಹೇಳಲಾಗುವುದಿಲ್ಲ. ಈ ಊಟ ಯಾರದೋ ಔದಾರ್ಯವಲ್ಲ ಎಂದು ಮಕ್ಕಳಿಗೆ ತಿಳಿಸಬೇಕು. ಸರ್ಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ ಅದು 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಅದೇ ವರ್ಷ ಸಂಸತ್ತು ಆಹಾರ ಭದ್ರತಾ ಕಾಯ್ದೆ ಮಾಡಿದಾಗ ಈ ಊಟ ಕಾನೂನಿನ ಹಕ್ಕಾಯಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ಒಲ್ಲೆ ಎನ್ನುವವರಿಗೆ ಬಾಳೆಹಣ್ಣು. ಇಲ್ಲಿ ಕೊಡುವವರು ಯಾರು ಎಂದು ಮಗು ತಲೆಯೆತ್ತಿ ನೋಡಬೇಕಿಲ್ಲ. ಹಸಿವಾದವನು ಉಣ್ಣುತ್ತಾನೆ, ಅಷ್ಟೆ. ನೆರವು ಎಂದರೆ ಹೀಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈ ಸಾಲನ್ನೂ ಕೆಡಿಸುವವರು ನಾವು ದೊಡ್ಡವರೇ. 2025ರ ಜೂನ್‌ನಲ್ಲಿ ಪಕ್ಕದ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಶಾಲೆ ಸುದ್ದಿಯಾಯಿತು. ದಲಿತ ಮಹಿಳೆ ಅಡುಗೆ ಮಾಡುತ್ತಾರೆಂದು ಪೋಷಕರು ಮಕ್ಕಳನ್ನು ಶಾಲೆಯಿಂದ ಬಿಡಿಸುತ್ತಿದ್ದಾರೆ ಎಂಬ ವರದಿ ಅದು. ನಮ್ಮ ನಾಡಿನಲ್ಲಿ ಬಡತನದ ಮಾತೆತ್ತಿ ಜಾತಿಯ ಮಾತು ಬಿಟ್ಟರೆ ಅರ್ಧ ಪಾಠ ಹೇಳಿದಂತೆ. ಭೂಮಿ ಯಾರ ಕೈಯಲ್ಲಿತ್ತು, ಯಾರ ಕೈಯಲ್ಲಿರಲಿಲ್ಲ, ಶಾಲೆಯ ಬಾಗಿಲು ಯಾರಿಗೆ ತಡವಾಗಿ ತೆರೆಯಿತು ಎಂಬುದು ಹತ್ತು ವರ್ಷದ ಮಗುವಿಗೂ ಅರ್ಥವಾಗುವ ವಿಷಯ. ಹೇಳುವವರಿಗೆ ಮುಜುಗರವೇ ಹೊರತು ಕೇಳುವ ಮಕ್ಕಳಿಗಲ್ಲ.

'ಅವರು ಯಾಕೆ ಬಡವರು?' ಎಂದು ಮಗು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತದೆ. ಸರಿಯಾಗಿ ಓದಲಿಲ್ಲ, ದುಡಿಯಲಿಲ್ಲ, ಕುಡಿದು ಹಾಳಾದರು ಎನ್ನುವುದು ನಮ್ಮ ನಾಲಿಗೆಯ ತುದಿಯಲ್ಲಿರುವ ಉತ್ತರ. ಅದರ ಬದಲು ಒಂದು ಹಾಳೆ, ಪೆನ್ಸಿಲ್ ಕೊಟ್ಟು ಲೆಕ್ಕ ಹಾಕಿಸಿ. 2025-26ನೇ ಸಾಲಿಗೆ ಕರ್ನಾಟಕಕ್ಕೆ ನಿಗದಿಯಾದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ವರ್ಷ ಪೂರಾ 100 ದಿನ ಕೆಲಸ ಸಿಕ್ಕಿತ್ತು ಎಂದುಕೊಂಡರೂ 37,000. ನಾಲ್ಕು ಜನರ ಸಂಸಾರ ಅದೊಂದನ್ನೇ ನೆಚ್ಚಿಕೊಂಡರೆ ತಲೆಗೆ ದಿನಕ್ಕೆ 25 ರೂಪಾಯಿ. ಉಳಿದ ದಿನಗಳಲ್ಲಿ ಗದ್ದೆ ಕೆಲಸ, ಶುಂಠಿ ಹೊಲ, ಕೊಡಗಿನ ಕಾಫಿ ತೋಟ. ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ಈ ಹಾಳೆಯ ಮೇಲೆ ಒಂದು ಜ್ವರ, ಒಂದು ಮದುವೆ, ಸತ್ತ ಒಂದು ಹಸುವನ್ನು ಬರೆಯಿರಿ. ದುಡ್ಡು ಎಲ್ಲಿಂದ ಬರಬೇಕು? ಸಂಘದ ಸಾಲದಿಂದ.

ಆ ಸಾಲ ಹೇಗೆ ನಡೆಯುತ್ತದೆ ಎಂಬುದೂ ಮಕ್ಕಳಿಗೆ ಗೊತ್ತಿರಲಿ. ಕಿರುಸಾಲದ ಕಂಪನಿಗಳು ಬೀದಿಯ ಹೆಂಗಸರ ಗುಂಪು ಕಟ್ಟಿ, ಅಡವಿಲ್ಲದೆ ಸಾಲ ಕೊಡುತ್ತವೆ. ಅಡವಿನ ಬದಲು ಒಬ್ಬರಿಗೊಬ್ಬರ ಜಾಮೀನು. ಒಬ್ಬಳು ವಾರದ ಕಂತು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದೆ; ಹಾಗಾಗಿ ವಸೂಲಿಗೆ ಬಂದವನಿಗಿಂತ ಪಕ್ಕದ ಮನೆಯವಳ ಮುಖ ನೋಡುವುದೇ ಕಷ್ಟ. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ, ಅದಕ್ಕೆ ಮತ್ತೊಂದು. 2025ರ ಜನವರಿಯಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ, ನಮ್ಮ ನಂಜನಗೂಡು ತಾಲ್ಲೂಕಿನಲ್ಲೂ, ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟದ್ದು ಪತ್ರಿಕೆಗಳಲ್ಲಿ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಊರು ಬಿಟ್ಟವರ ಜೊತೆ ಮಕ್ಕಳೂ ಹೋದವು. ಶಾಲೆಯಲ್ಲಿ ಅವುಗಳ ಜಾಗ ಖಾಲಿಯಾಯಿತು. ಪಕ್ಕದಲ್ಲಿ ಕೂತಿದ್ದ ಮಗುವಿಗೆ 'ಅವನು ಯಾಕೆ ಬರ್ತಿಲ್ಲ' ಎನ್ನುವುದಕ್ಕೆ ನಾವು ಕೊಡುವ ಉತ್ತರವಿದೆಯಲ್ಲ, ಬಡತನದ ಬಗ್ಗೆ ಅದು ಕಲಿಯುವ ನಿಜವಾದ ಪಾಠ ಅದೇ.

ಕೊಡುವ ಬಗೆಯಲ್ಲೂ ನಮ್ಮ ತಾಲ್ಲೂಕು ಎರಡು ದಾರಿ ತೋರಿಸಿದೆ. ಸುತ್ತೂರು ಜಾತ್ರೆಯ ದಾಸೋಹದಲ್ಲಿ ಪಂಕ್ತಿಗೆ ಕೂತವನ ಹೆಸರು, ಊರು ಕೇಳದೆ ಬಡಿಸುತ್ತಾರೆ. ಬದನವಾಳಿನದು ಇನ್ನೊಂದು ದಾರಿ. ಅಲ್ಲಿ ಖಾದಿ ಕೇಂದ್ರ ಎದ್ದಾಗ ಊರ ಹೆಂಗಸರಿಗೆ ಸಿಕ್ಕಿದ್ದು ಕಾಳಲ್ಲ, ಕಾಸಲ್ಲ. ನೂಲುವ ಕೆಲಸ ಮತ್ತು ಅದರ ಕೂಲಿ. ತಗಡೂರಿನಲ್ಲಿ ರಾಮಚಂದ್ರರಾಯರು ಇದೇ ಖಾದಿ ಕೆಲಸ ಹಿಡಿದಿದ್ದರು. 1934ರ ಜನವರಿಯಲ್ಲಿ ಗಾಂಧೀಜಿ ಆ ಊರಿಗೂ ಬಂದು ಹೋದರು. ದುಡಿಯಬಲ್ಲವನಿಗೆ ಪುಕ್ಕಟೆ ಊಟ ಹಾಕುವುದು ಅವನಿಗೆ ಮಾಡುವ ಅವಮಾನ ಎನ್ನುವವರು ಗಾಂಧಿ. ಹಸಿದವನನ್ನು ಮೊದಲು ಉಣಿಸು, ಮಾತು ಆಮೇಲೆ ಎನ್ನುವುದು ದಾಸೋಹ. ಇವೆರಡರಲ್ಲಿ ಯಾವುದು ಸರಿ ಎಂದು ಮಕ್ಕಳನ್ನೇ ಚರ್ಚೆಗೆ ಬಿಡಿ. ನಾನು ತರಗತಿಯಲ್ಲಿ ಬಿಟ್ಟಾಗಲೆಲ್ಲ ಗದ್ದಲ ಎದ್ದಿದೆ, ತೀರ್ಪು ಬಂದಿಲ್ಲ. ಹಾಗೆ ತೀರ್ಪು ಬಾರದಿದ್ದರೇ ಒಳ್ಳೆಯದು.

ಮಗು ಸ್ವಲ್ಪ ದೊಡ್ಡದಾಗಿ ಓದುವ ರುಚಿ ಹತ್ತಿದ್ದರೆ ದೇವನೂರ ಮಹಾದೇವರ 'ಒಡಲಾಳ' ಕೈಗಿಡಿ. ದೇವನೂರು ನಮ್ಮ ತಾಲ್ಲೂಕಿನ ಹಳ್ಳಿಯೇ. ಆ ಪುಸ್ತಕದ ಮಾತೂ ನಮ್ಮ ಕೇರಿಗಳ ಮಾತೇ. ಒಂದು ರಾತ್ರಿ ಮನೆಗೆ ಬಂದ ಕಡಲೆಕಾಯಿಯನ್ನು ಸಾಕವ್ವನ ಸಂಸಾರವೆಲ್ಲ ಸುತ್ತ ಕೂತು ತಿಂದು ಮುಗಿಸುವ ಪ್ರಸಂಗವನ್ನು ಓದಿದ ಮಕ್ಕಳು ಮೊದಲು ನಗುತ್ತವೆ. ಆ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಬಂದಾಗ ನಗು ನಿಲ್ಲುತ್ತದೆ. ಆ ಮನೆಯಲ್ಲಿ ಹಸಿವಿದೆ, ಜಗಳವಿದೆ, ಗೋಡೆಯ ಮೇಲೆ ನವಿಲು ಬರೆಯುವ ಹುಡುಗಿಯೂ ಇದ್ದಾಳೆ. ಬಡವರೆಂದರೆ ಹಸಿವು ಮಾತ್ರವಲ್ಲ ಎಂದು ನೂರು ಉಪನ್ಯಾಸ ಹೇಳಲಾರದ್ದನ್ನು ಈ ಪುಟ್ಟ ಪುಸ್ತಕ ಹೇಳಿಬಿಡುತ್ತದೆ.

ನಂಜುಂಡೇಶ್ವರನ ಗುಡಿಯ ಮುಂದೆ ಕೈಚಾಚುವವರಿಗೆ ಕೊಡಬೇಕೆ ಬೇಡವೆ ಎಂಬುದು ಇನ್ನೊಂದು ಕಾಯಂ ಪ್ರಶ್ನೆ. ಕೊಡಿ, ಬಿಡಿ, ಅದು ನಿಮ್ಮಿಷ್ಟ. ಆದರೆ ಮುಖ ನೋಡಿ ಕೊಡಿ, ಇಲ್ಲವೇ ಮುಖ ನೋಡಿ 'ಇಲ್ಲಪ್ಪ' ಎನ್ನಿ. ಮಗುವಿನ ಕೈ ಎಳೆದುಕೊಂಡು, 'ಗಟ್ಟಿಮುಟ್ಟಾಗಿದ್ದಾನೆ, ದುಡ್ಕೊಂಡು ತಿನ್ನಕ್ಕೇನು' ಎಂದು ಅವರಿಗೆ ಕೇಳಿಸುವಂತೆ ಹೇಳಿದರೆ ಮಗು ಕಲಿಯುವುದು ಆ ಧ್ವನಿಯನ್ನು. ಮನೆಗೆ ಬಂದ ಮೇಲೆ ಕಂದಾಯದ ರಸೀತಿ ತೆಗೆದು ತೋರಿಸಿ. ಆಸ್ತಿ ತೆರಿಗೆಯ ಜೊತೆಗೆ ಭಿಕ್ಷುಕರ ಪುನರ್ವಸತಿಗೆಂದು ಶೇಕಡ 3ರ ಕರವನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡುತ್ತವೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ವ್ಯವಸ್ಥೆ ಇದು. ನಾವು ಆಗಲೇ ಕೊಟ್ಟಿದ್ದೇವೆ. ಕೊಟ್ಟದ್ದು ಎಲ್ಲಿ ಹೋಯಿತು ಎಂದು ಕೇಳುವುದೂ ನೆರವಿನ ಒಂದು ಭಾಗ. ಗ್ರಾಮಸಭೆಯಲ್ಲಿ ಎದ್ದು ನಿಂತು ಒಬ್ಬ ವಿಧವೆಯ ಪಿಂಚಣಿ ಯಾಕೆ ನಿಂತಿತು ಎಂದು ಕೇಳುವ ಅಪ್ಪನನ್ನು ಕಂಡ ಮಗು, ಗುಡಿ ಮುಂದೆ ಹತ್ತು ರೂಪಾಯಿ ಹಾಕುವ ಅಪ್ಪನಿಂದ ಕಲಿಯುವುದಕ್ಕಿಂತ ಹೆಚ್ಚು ಕಲಿಯುತ್ತದೆ.

ಇನ್ನು ಬಟ್ಟೆಬರೆ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟು ಕಪಿಲೆ ಉಕ್ಕಿದಾಗ ನಂಜನಗೂಡಿನ ತಗ್ಗಿನ ಬೀದಿಗಳ ಜನ ಪರಿಹಾರ ಕೇಂದ್ರ ಸೇರಬೇಕಾಯಿತು. ಅಂಥ ಹೊತ್ತಿನಲ್ಲಿ ಬಂದು ಬೀಳುವ ಮೂಟೆಗಳನ್ನು ಬಿಚ್ಚಿದವರಿಗೆ ಗೊತ್ತು: ಜಿಪ್ ಕಿತ್ತ ಪ್ಯಾಂಟು, ಕಂಕುಳಲ್ಲಿ ಹರಿದ ರವಿಕೆ, ಒಂಟಿ ಚಪ್ಪಲಿ. ಮನೆ ಖಾಲಿ ಮಾಡುವುದು ಬೇರೆ, ಕೊಡುವುದು ಬೇರೆ. ಮಗುವಿನ ಕೈಯಲ್ಲಿ ಬಟ್ಟೆ ಆರಿಸುವಾಗ ನಾಳೆ ನೀನೇ ಹಾಕಿಕೊಂಡು ಶಾಲೆಗೆ ಹೋಗಬಲ್ಲೆಯಾ ಎಂದು ಕೇಳಿ. ಹೌದು ಎಂದದ್ದನ್ನು ಒಗೆದು, ಮಡಿಸಿ, ಕಳಿಸಿ. ಅಲ್ಲ ಎಂದದ್ದು ಒರೆಸುವ ಬಟ್ಟೆಯಾಗಲಿ.

ಶಾಲೆಗೆ ಕೊಡಬೇಕೆನ್ನುವವರಿಗೂ ಸುಲಭದ ದಾರಿಯಿದೆ. ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಹುಡುಗಿಯರಿಗೆ ಬೇಕಾದ ಪ್ಯಾಡು ಎಲ್ಲವನ್ನೂ ಹೆಡ್‌ಮಾಸ್ಟರ ಬೀರುವಿನಲ್ಲಿಟ್ಟು ಬನ್ನಿ. ಯಾರಿಗೆ ಬೇಕು ಎಂದು ಮೇಷ್ಟರಿಗೆ ಗೊತ್ತಿರುತ್ತದೆ, ಬೇಕಾದ ಮಗುವಿಗೂ ಬೀರು ಎಲ್ಲಿದೆ ಎಂದು ಗೊತ್ತಾಗುತ್ತದೆ. ಆಗದಿದ್ದರೆ ಇಡೀ ತರಗತಿಗೆ ಕೊಡಿ. ಇದ್ದವನ ಮಗುವಿಗೂ ನಾಲ್ಕು ಪುಸ್ತಕ ಹೋದರೆ ಯಾರ ಗಂಟೂ ಕರಗುವುದಿಲ್ಲ. ನಿಮ್ಮ ಮಗು ಜೊತೆಗೆ ಬರಲಿ, ಪುಸ್ತಕದ ಕಟ್ಟು ಹೊರಲಿ, ಸಾಧ್ಯವಾದರೆ ಅಲ್ಲಿನ ಮಕ್ಕಳ ಜೊತೆ ಖೋಖೋ ಆಡಿ ಸೋತು ಬರಲಿ. ಇಷ್ಟು ಹೇಳಿದರೂ, 'ಹಂಗಾದ್ರೆ ಬ್ಯಾನರ್ ಬೇಡ್ವಾ ಮೇಷ್ಟ್ರೇ?' ಎಂದು ಒಬ್ಬರು ಕೇಳಿದ್ದುಂಟು. ಬೇಡಪ್ಪ. ಆ ದುಡ್ಡಿಗೂ ಪುಸ್ತಕ ತಗೊಂಡು ಬಾ.